ಅಪ್ಪನಿರುವಾಗಲೇ ತೆಗೆದ ಮೀಸೆ

ಗಾಂಧೀಜಿ ತೀರಿಕೊಂಡ ಮರುವಾರ. ಬಳ್ಳಾರಿಯಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದ ಹೊನ್ನೂರಮ್ಮನ ಪಕ್ಕದಲ್ಲಿ, ತಲೆ ಮೀಸೆ ಎರಡನ್ನೂ ನುಣ್ಣಗೆ ಬೋಳಿಸಿಕೊಂಡವನೊಬ್ಬ ಬಂದು ಕುಳಿತ. ಅಪ್ಪ ಸತ್ತರೆ ಮಾತ್ರ ಮೀಸೆ ತೆಗೆಸುವ ಸೀಮೆ ಅದು. ಪಾಪ, ತಂದೆಯನ್ನು ಕಳೆದುಕೊಂಡಿದ್ದಾನೆ ಎಂದು ಆಕೆ ಮರುಗುವಷ್ಟರಲ್ಲಿ ಮುದುಕನೊಬ್ಬ ಬಂದು ಅವನನ್ನು ಗದರಿದ.

“ಲೇ ಮಾರೆಣ್ಣ, ನಿಮ್ಮಪ್ಪ ನಾನಿನ್ನೂ ಗುಂಡುಕಲ್ಲಿನಂಗ ಅದೀನಿ. ಮೀಸಿ ಯಾಕ ತೆಗೆಸಿದ್ಯೋ?”

“ಗಾಂಧಿ ತಾತನ ಸಲುವಾಗಿ, ಅಪ್ಪಾ.”

“ನಮಗ ಹರಿಜನ ಅಂದಾಗ ಅವನ ಮ್ಯಾಲ ಹರಿಹಾಯ್ದಾವ ನೀನೇ ಅಲ್ಲೇನು?”

“ಹೌದು, ನಾನೇ. ನಮ್ಮನ್ನ ಕೇಳದಂಗ ಹೆಸರಿಟ್ಟಿದ್ದು ತಪ್ಪು. ಈಗ್ಲೂ ಅಂತೀನಿ.”

“ಊರ ಬಾವಿ ನಮಗಿನ್ನೂ ಬಿಟ್ಟಿಲ್ಲ. ನಿನ್ನ ತಾತ ಮೇಲಿನ ಜಾತ್ಯೋರನ್ನ ಗದರಿಸೋದು ಬಿಟ್ಟು ಕೈ ಮುಗದು ಕೇಳ್ಕೋತ ಕುಂತ.”

“ಅದೂ ತಪ್ಪೇ. ಆದ್ರ ನಮ್ಮ ಕೈಯಾಗಿನ ಕಸಬರಿಗಿ ತಾನು ಹಿಡದ. ಹಿಡದಿದ್ದು ಬಿಡಲಿಲ್ಲ. ನಿನ್ನ ಕೂಡಾನೂ ದಿನಾ ಜಗಳಾಡ್ತೀನಿ. ಹಂಗಂತ ನಾಳಿ ನೀ ಹೋದ್ರ ಮೀಸಿ ತಿರುವಿಕೋತ ಅಡ್ಡಾಡ್ಲೇನು?”

ಮುದುಕ ತನ್ನ ಬಿಳಿ ಮೀಸೆಯನ್ನು ಒಮ್ಮೆ ಸವರಿಕೊಂಡ. ಬಸ್ಸು ಬಂದು ನಿಂತಿತು.

“ಹತ್ತು, ಅಪ್ಪಾ.”

“ಹೋಗ್ಲಿ ಬಿಡು, ಇನ್ನೊಂದು ಬರ್ತೈತಿ. ಕ್ಷೌರ ಎಲ್ಲಿ ಮಾಡಿಸಿದಿ?”

“ಬ್ರೂಸ್‌ಪೇಟ್ಯಾಗ.”

ಹೊನ್ನೂರಮ್ಮ ಬಸ್ಸು ಹತ್ತಿ ಕಿಟಕಿಯಿಂದ ನೋಡಿದಳು. ಮುದುಕ ಮಗನಿಗಿಂತ ಮುಂದಾಗಿ ಪೇಟೆಯ ಕಡೆ ಹೆಜ್ಜೆ ಹಾಕುತ್ತಿದ್ದ.

“ನಡೀಲೇ, ಅಂಗಡಿ ತೋರ್ಸು. ನಮ್ಮಪ್ಪ ಸತ್ತು ಭಾಳ ದಿನ ಆತು, ನನ್ನ ಕೇಳಾಕ ಯಾರದಾರ?”