ಚಾಪೆ ಎತ್ತಿದ್ದು ಅಪ್ಪ

ಅಪಿಯಾ ಪಟ್ಟಣದ ಬಸ್ ನಿಲ್ದಾಣದಲ್ಲಿ ಪೆಲೆನೀಸೆ ಎಂಬ ಮುದುಕಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಮಕ್ಕಳ ರಕ್ಷಣಾ ಕಚೇರಿಯ ಇಬ್ಬರು ಹೆಂಗಸರು. ಕಿರಿಯವಳು ಎದೆಗೊಂದು ಫೈಲು ಅವುಚಿಕೊಂಡಿದ್ದಳು.

"ಆ ಫೈಲು ನನಗೆ ಕೊಡೇ ಸಿಯೆನಿ," ಎಂದಳು ಹಿರಿಯವಳು. "ಕುಡಿದು ನಿನ್ನ ತಮ್ಮನ ಮೇಲೆ ಲಾರಿ ಹತ್ತಿಸಿ ಕೊಂದವನು ಅವನು. ಅವನ ಮಕ್ಕಳನ್ನ ಆಶ್ರಮದಿಂದ ಮನೆಗೆ ಕಳಿಸಬೇಕೋ ಬೇಡವೋ ಅಂತ ನೀನು ವರದಿ ಬರೀಬಾರದು."

"ಹನ್ನೊಂದು ವರ್ಷ ಕಾದಿದೀನಿ ಅಕ್ಕಾ. ತಾನಾಗೇ ನನ್ನ ಮೇಜಿಗೆ ಬಂದಿದೆ, ಬಿಡ್ತೀನಾ?"

"ಅವನ ಮನೆಯವರೆಲ್ಲ ಕ್ಷಮೆ ಬೇಡೋಕೆ ಚಾಪೆ ಹೊದ್ದು ನಿಮ್ಮ ಅಂಗಳದಲ್ಲಿ ಮಂಡಿಯೂರಿ ಕೂತಿದ್ರು. ನಿಮ್ಮಪ್ಪ ಕ್ಷಮಿಸಿ ಚಾಪೆ ಎತ್ತಿದ ಮೇಲೆ ಹಗೆ ಮುಗೀತು."

"ಎತ್ತಿದ್ದು ಅಪ್ಪ. ನಾನಲ್ಲ."

"ಅವನು ಕುಡಿಯೋದು ಬಿಟ್ಟಿದಾನಲ್ಲೇ. ಏನು ಬರ್ದಿದೀಯ?"

"ಮಕ್ಕಳು ಮಲಗೋ ಜಾಗದಲ್ಲಿ ಬಿಯರ್ ಬಾಟಲಿ ಇತ್ತು ಅಂತ."

"ಎಷ್ಟು?"

"ಒಂದು."

"ಒಳಗೇನಿತ್ತು?"

ಸಿಯೆನಿ ರಸ್ತೆಯ ಕಡೆ ನೋಡಿದಳು. "ಕೊಬ್ಬರಿ ಎಣ್ಣೆ."

"ಅಯ್ಯೋ ಪಾಪಿ! ಊರಿಗೆ ಊರೇ ಎಣ್ಣೆ ತುಂಬಿಡೋದು ಅದರಲ್ಲೇ ಅಲ್ವೇನೇ?"

"ಬಾಟಲಿ ಇತ್ತು ತಾನೆ? ಬರ್ದಿದ್ದರಲ್ಲಿ ಸುಳ್ಳೆಲ್ಲಿದೆ?"

"ಆ ಮಕ್ಕಳು ನಿನಗೇನು ಮಾಡಿದ್ವೇ?"

"ನನ್ನ ತಮ್ಮ ಅವನಿಗೇನು ಮಾಡಿದ್ದ? ಮಕ್ಕಳ ದನಿಯಿಲ್ಲದ ಮನೆ ಹೇಗಿರುತ್ತೆ ಅಂತ ಅವನೂ ನೋಡ್ಲಿ."

ಬಸ್ಸು ಬಂತು. ಏಳುವಾಗ ಸಿಯೆನಿಯ ಕಣ್ಣು ಮುದುಕಿಯ ಬುಟ್ಟಿಯ ಮೇಲೆ ಹಾಯಿತು.

ಪೆಲೆನೀಸೆ ತನ್ನ ಎಣ್ಣೆ ತುಂಬಿದ ಬಿಯರ್ ಬಾಟಲಿಯನ್ನು ಸರಕ್ಕನೆ ಕೆಸುವಿನ ಎಲೆಗಳ ಕೆಳಗೆ ತಳ್ಳಿದಳು. ಅವಳ ಮನೆಯಲ್ಲೂ ಮೊಮ್ಮಕ್ಕಳಿದ್ದರು.