ಮೇಷ್ಟ್ರು ಆಚೆ ಹೋಗುವ ಬಾಗಿಲು

ಬಸ್ಸು ಕೆಟ್ಟು ನಿಂತಿತ್ತು. ಮಳೆಯಲ್ಲಿ ಏನೂ ಕಾಣದೆ, ಮುಂದೆಲ್ಲೋ ಕೇಳುತ್ತಿದ್ದ ದನದ ಗಂಟೆಯ ಸದ್ದನ್ನೇ ನಂಬಿಕೊಂಡು ನಾವು ಆರೇಳು ಜನ ಆ ಉದ್ದನೆಯ ಕಟ್ಟಡ ಸೇರಿದೆವು. ಒಳಗೆ ಲಾಟೀನಿನ ಮುಂದೆ ಒಬ್ಬ ಮುದುಕ ಕೂತಿದ್ದ. ಪಕ್ಕದ ಬಾಗಿಲಿನಿಂದ ಚಳಿಗಾಳಿ ನುಗ್ಗುತ್ತಿತ್ತು. ನಮ್ಮಲ್ಲೊಬ್ಬಳು ಅದನ್ನು ಮುಚ್ಚಲು ಎದ್ದಳು.

“ಮುಟ್ಟಬೇಡ ತಾಯಿ. ಕೂತ್ಕೋ, ಹೇಳ್ತೀನಿ...

“ಇದು ಕಸಾಯಿಖಾನೆ ಆಗಿತ್ತು. ಕುರಿಗೆ ರಕ್ತದ ವಾಸನೆ ಗೊತ್ತು ನೋಡಿ, ಒಳಗೆ ಕಾಲಿಡಲ್ಲ. ಅದಕ್ಕೇ ಒಂದು ಹೋತ ಸಾಕಿ, ಕೊರಳಿಗೆ ಗಂಟೆ ಕಟ್ಟಿದ್ರು. ಅದು ಮುಂದೆ, ಕುರಿಗಳು ಹಿಂದೆ... ಒಳಗೆ ಬಂದ ಮೇಲೆ ನಮ್ಮಣ್ಣ ಆಚೆ ನಿಂತು ಈ ಬಾಗಿಲು ತೆಗೀತಿದ್ದ. ಹೋತ ಆಚೆ, ಕುರಿಗಳು ಇಲ್ಲೇ. ಮೇಷ್ಟ್ರು ಅಂತ ಕರೀತಿದ್ವಿ, ಹಾಜರಿ ಕೂಗೋದೊಂದು ಬಾಕಿ! ಸಂಬಳದ ದಿನ ನಮ್ಮ ಸಾಲಲ್ಲೇ ನಿಂತು ಬೊಗಸೆ ಕಡಲೆ ಈಸ್ಕೊಳ್ತಿತ್ತು. ಆದ್ರೆ ಅದರ ಪಾಡು ಯೋಚ್ನೆ ಮಾಡಿ... ಬೆಳಿಗ್ಗೆ ಜೊತೆಗೆ ನಡೆದ ಒಂದೂ ಮಧ್ಯಾಹ್ನಕ್ಕಿಲ್ಲ. ಅಣ್ಣನಿಗೂ ಹೆಂಡತಿ ತೀರ್ಕೊಂಡಿದ್ಲು. ಇಬ್ರೂ ಆಚೆ ಗೋಡೆಗೆ ಒರಗಿ ಸುಮ್ನೆ ಕೂತಿರೋರು.

“ಹೋತಕ್ಕೆ ವಯಸ್ಸಾಯ್ತು. ‘ಇವತ್ತು ಬಾಗಿಲು ತೆಗೀಬೇಡ’ ಅಂದ ಯಜಮಾನ. ‘ನಮ್ ಜೊತೆ ದುಡಿದವನನ್ನ ಕಡಿಯೋದುಂಟಾ ಸ್ವಾಮಿ?’ ಅಂತ ಅಣ್ಣ ಅಡ್ಡ ನಿಂತ. ಯಜಮಾನ ನಕ್ಕ. ‘ದುಡಿದವನಾ? ಹಾಗಾದ್ರೆ ಅಷ್ಟು ಕುರಿ ಕೊಲ್ಲಿಸಿದ ಪಾಪಾನೂ ಅವನದ್ದೇ ಅನ್ನು. ಪ್ರಾಣಿ ಆದ್ರೆ ಕಡಿ, ಮನುಷ್ಯ ಆದ್ರೆ ನೇಣಿಗೆ ಹಾಕು. ಯಾವುದಯ್ಯಾ?’ ಅಣ್ಣ ತಲೆ ತಗ್ಗಿಸಿ ಬಾಗಿಲಾಚೆ ಹೋಗಿ ನಿಂತ. ನನಗೂ ಇವತ್ತಿನವರೆಗೆ ಉತ್ತರ ಹೊಳೆದಿಲ್ಲ... ನಿಮಗೆ ಹೊಳೀತಾ?

“ಹೋತ ಎಂದಿನ ಹಾಗೆ ಬಂದು, ಈ ಬಾಗಿಲ ಮುಂದೆ ನಿಂತು, ಕೊಂಬಲ್ಲಿ ಮೆಲ್ಲಗೆ ತಟ್ಟಿತು. ನಿಂತು, ಮತ್ತೆ ತಟ್ಟಿತು. ಯಾರೋ ಮರೆತಿದ್ದಾರೆ ಅನ್ನೋ ಥರ... ಅಣ್ಣ ಆಚೆ ಚಿಲಕ ಹಿಡ್ಕೊಂಡು ಅಳ್ತಿದ್ದ. ತೆಗೀಲಿಲ್ಲ.

“ಮಾರನೇ ಬೆಳಿಗ್ಗೆ ಮುಂದೆ ಯಾರೂ ಇಲ್ಲದೆ ಕುರಿಗಳು ಸಾಲಾಗಿ ಒಳಗೆ ಬಂದ್ವು. ಬರೀ ಗಂಟೆ ಸದ್ದು. ಆಮೇಲೆ ಬಾಗಿಲು ತಟ್ಟಿದ ಸದ್ದು. ಈ ಸಲ ಅಣ್ಣ ತೆಗೆದ. ಗಂಟೆ ಆಚೆ ಹೋಯ್ತು, ಅದರ ಹಿಂದೆ ಅಣ್ಣ... ವಾಪಸ್ ಬರಲಿಲ್ಲ. ಕೆಲಸದೋರೆಲ್ಲ ಹೆದರಿ ಬಿಟ್ಟುಹೋದ್ರು. ಬಾಗಿಲು ತೆಗೆದಿಡೋಕೆ ಒಬ್ಬರು ಬೇಕಲ್ಲ, ನಾನು ಉಳಿದೆ.”

ಪಕ್ಕದ ಬಾಗಿಲಿನಾಚೆ ಗಂಟೆ ದೂರವಾಗುತ್ತಿತ್ತು.

“ದನ...” ಎಂದಳು ಅವಳು.

“ಈ ಕಡೆ ದನ ಸಾಕೋರು ಯಾರಿದ್ದಾರೆ ತಾಯಿ?” ಮುದುಕ ಲಾಟೀನಿನ ಬತ್ತಿ ತಗ್ಗಿಸಿದ. “ಮೇಷ್ಟ್ರು ಆಚೆ ಹೋದ್ರು... ಒಳಗುಳಿದೋರು ನೀವು.”