ರೋಡಿಗೆ ಇಬ್ಬರು ಬೇಕು

ಸ್ಕೂಟರ್ ರಿಪೇರಿಗೆ ಬಿಟ್ಟು ಗ್ಯಾರೇಜಿನ ಬೆಂಚಿನಲ್ಲಿ ಕಾದಿದ್ದ ಹುಡುಗಿಗೆ ಕಾರುಗಳ ಗಂಧಗಾಳಿ ಗೊತ್ತಿರಲಿಲ್ಲ. ಆದರೂ ಮೆಕ್ಯಾನಿಕ್ ಮತ್ತು ಕೆಂಪು ಕಾರಿನವನ ಮಾತಿಗೆ ಮೈಯೆಲ್ಲ ಕಿವಿಯಾಗಿ ಕುಳಿತಳು.

“ಈ ಸಲ ಡೈನೋ ಮೆಷಿನ್ನಿನ ರೋಲರ್ ಮೇಲೇ ಎಂಜಿನ್ ಟ್ಯೂನ್ ಮಾಡಿಬಿಡಣ್ಣ,” ಎಂದ ಕೆಂಪು ಕಾರಿನವನು.

“ರೋಲರ್ ಮೇಲೆ ನಿಂತಲ್ಲೇ ಓಡೋ ಗಾಡಿಗೆ ಏರು, ಎದುರುಗಾಳಿ ಏನು ಗೊತ್ತಾಗುತ್ತೆ ಅಂತ ಮೂಗು ಮುರೀತಿದ್ದೋರು ನೀವೇ ಅಲ್ವಾ?”

“ರೋಡಲ್ಲಾದ್ರೆ ಒಬ್ರು ಓಡಿಸ್ಬೇಕು, ಇನ್ನೊಬ್ರು ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಲ್ಲಿ ಅಂಕಿ ತಿದ್ದಬೇಕು.”

“ನಿಮ್ಮ ಭಾವ ಇದ್ದಾರಲ್ಲ.”

“ಅಕ್ಕ ಅವರನ್ನ ಬಿಟ್ಟು ಬಂದಾಯ್ತು. ಇನ್ನು ಯಾವ ಮುಖ ಇಟ್ಕೊಂಡು ಕರೀಲಿ?”

ಮೆಕ್ಯಾನಿಕ್ ಕೈ ಒರೆಸಿಕೊಂಡ.

“ಹೋದ ವಾರ ಬಂದಿದ್ರು. ಅವರೂ ಡೈನೋನೇ ಸಾಕು ಅಂದ್ರು.”

ಕೆಂಪು ಕಾರಿನವನು ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸಿದ.

“ಏರಲ್ಲಿ ಚೆನ್ನಾಗಿ ಎಳೀತಿದೆಯಂತಾ ಅವರ ಗಾಡಿ?”

“ನೀವೇ ಒಂದು ಫೋನ್ ಮಾಡಿ ಕೇಳಿ.”

“ರೋಲರ್ ಯಾವ ಕಡೆ?” ಎನ್ನುತ್ತ ಅವನು ಎದ್ದು ಒಳಗೆ ನಡೆದ.